ಕೀಲು ಬಾತಾಗ ತಾಲೀಮು ಬಿಡಬೇಕೆ?

ಬೆಳಗಿನ ಐದೂವರೆಗೆ ಗದಗ ಸೀಮೆಯ ಹಳ್ಳಿಗಳ ಹೊರಗೆ ಡಾಂಬರು ರಸ್ತೆಯಲ್ಲಿ ಓಡುವ ಹುಡುಗರನ್ನು ಕಾಣುವುದು ಹೊಸದೇನಲ್ಲ. ಹಿರೇಹಂದಿಗೋಳದಂಥ ಊರಿರಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿರಲಿ, ಒಕ್ಕಲುತನದ ಮನೆಯ ಮಗನಿಗೆ ಪೊಲೀಸ್ ಇಲಾಖೆ ಅಥವಾ ಸೈನ್ಯ ಒಂದು ಭದ್ರ ನೌಕರಿಯ ದಾರಿ. ಆ ದಾರಿಯಲ್ಲಿ 1600 ಮೀಟರ್ ಓಟದ ಪರೀಕ್ಷೆ ಅಡ್ಡ ನಿಂತಿರುತ್ತದೆ. ಗರಡಿಮನೆಯಲ್ಲಿ ಬೈಠಕ್ ಹೊಡೆಯುವವರು, ಕಬಡ್ಡಿ ತಂಡದವರು, ಶಾಲೆಯ ಖೊಖೊ ತಂಡದ ಹೆಣ್ಣುಮಕ್ಕಳು ಇವರೆಲ್ಲ ಬೇರೆ. ದಿನವೂ ಮೈ ದಂಡಿಸುವ ಇವರಲ್ಲಿ ಅನೇಕರು ಒಂದಲ್ಲ ಒಂದು ದಿನ ಮೊಣಕಾಲನ್ನೋ ಕಾಲಿನ ಗಂಟನ್ನೋ ಹಿಡಿದು ಕೂರುತ್ತಾರೆ.

ಆಗ ಮನೆಯಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ತಾಯಿ ಹೇಳುವುದು: "ಇನ್ನ ಓಡೂದು ಬಿಡು, ಮೊಣಕಾಲು ಸವದ ಹೋಗ್ತಾವ." ಜೊತೆಗೆ ಓಡುವ ಗೆಳೆಯ ಹೇಳುವುದು: "ಒಂದು ಗುಳಿಗಿ ನುಂಗಿ ಓಡಲೇ, ಏನೂ ಆಗೂದಿಲ್ಲ." ತಾಯಿಯ ಮಾತಿನಲ್ಲಿ ಕಾಳಜಿಯಿದೆ, ಗೆಳೆಯನ ಮಾತಿನಲ್ಲಿ ಹುರುಪಿದೆ. ಆದರೆ ವೈದ್ಯಶಾಸ್ತ್ರ ಇಂದು ಹೇಳುವುದು ಇವೆರಡನ್ನೂ ಅಲ್ಲ. ನೋವು ಬಂದ ಬಹುಪಾಲು ಕೀಲುಗಳಿಗೆ ಬೇಕಾದದ್ದು ಪೂರ್ಣ ವಿಶ್ರಾಂತಿಯೂ ಅಲ್ಲ, ನೋವನ್ನು ಮುಚ್ಚಿಟ್ಟು ಅದೇ ಭಾರ ಹೊರಿಸುವುದೂ ಅಲ್ಲ. ಭಾರವನ್ನು ಇಳಿಸಿ, ಬೇರೆ ರೀತಿಯಲ್ಲಿ ಹೊರಿಸಿ, ತಾಲೀಮನ್ನು ಮುಂದುವರಿಸುವುದು. ಎಷ್ಟು ಇಳಿಸಬೇಕೆಂಬುದನ್ನು ಕೀಲೇ ತಿಳಿಸುತ್ತದೆ. ಅದನ್ನು ಕೇಳುವ ಬಗೆ ಗೊತ್ತಿರಬೇಕು, ಅಷ್ಟೇ.

ಕೀಲು ಬಂಡಿಯ ಅಚ್ಚಲ್ಲ

ಮೊಣಕಾಲು ಸವೆಯುತ್ತದೆ ಎಂಬ ಭಯ ಎತ್ತಿನ ಬಂಡಿಯನ್ನು ನೋಡಿ ಹುಟ್ಟಿದ್ದಿರಬೇಕು. ಬಂಡಿಯ ಅಚ್ಚು ತಿರುಗಿದಷ್ಟೂ ಸವೆಯುತ್ತದೆ, ನಿಜ. ಆದರೆ ಕೀಲು ಜೀವಂತ ಅಂಗ. ಎರಡು ಎಲುಬುಗಳ ತುದಿಗೆ ಮೃದ್ವಸ್ಥಿಯ ನುಣುಪಾದ ಹೊದಿಕೆ ಇರುತ್ತದೆ. ವಿಚಿತ್ರವೆಂದರೆ, ಇದರಲ್ಲಿ ರಕ್ತನಾಳಗಳೇ ಇಲ್ಲ. ಕೀಲಿನೊಳಗಿನ ಅಂಟುದ್ರವವೇ ಇದಕ್ಕೆ ಆಹಾರ. ಕಾಲೂರಿದಾಗ ಮೃದ್ವಸ್ಥಿ ಸ್ಪಂಜಿನಂತೆ ಅದುಮಿ ಹಳೆಯ ದ್ರವವನ್ನು ಹೊರಹಾಕುತ್ತದೆ, ಕಾಲೆತ್ತಿದಾಗ ಹೊಸ ದ್ರವವನ್ನು ಹೀರಿಕೊಳ್ಳುತ್ತದೆ. ನಡಿಗೆ, ಓಟಗಳಿಲ್ಲದ ಕೀಲಿಗೆ ಈ ಆಹಾರ ಸಾಲದೆ ಹೋಗುತ್ತದೆ. ವಾರಗಟ್ಟಲೆ ಮಂಚದ ಮೇಲಿದ್ದವರ ತೊಡೆ ಸೊರಗುವುದನ್ನು ಎಲ್ಲರೂ ನೋಡಿದ್ದೇವೆ. ಕೀಲಿನ ಒಳಗೂ ಅಂಥದೇ ಸೊರಗುವಿಕೆ ನಡೆಯುತ್ತದೆ.

2017ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಓಟಗಾರರ ಮೊಣಕಾಲು ಮತ್ತು ಸೊಂಟದ ಕೀಲುಗಳ ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಆರೋಗ್ಯಕ್ಕಾಗಿ, ಹವ್ಯಾಸಕ್ಕಾಗಿ ಓಡುವವರಲ್ಲಿ ಕೀಲಿನ ಸವೆತ ಕಂಡುಬಂದದ್ದು ಶೇಕಡಾ 3.5 ಜನರಲ್ಲಿ. ಓಡದೆ ಕುಳಿತವರಲ್ಲಿ ಶೇಕಡಾ 10.2. ಆದರೆ ಉನ್ನತ ಮಟ್ಟದ ಸ್ಪರ್ಧೆಗಳಲ್ಲಿ ಓಡುವವರಲ್ಲಿ ಶೇಕಡಾ 13.3! ಅಂದರೆ ಓಡದಿರುವುದರಿಂದ ಕೀಲು ಉಳಿಯುವುದಿಲ್ಲ, ಮಿತಿಮೀರಿ ಓಡಿದರೂ ಉಳಿಯುವುದಿಲ್ಲ. ತಾಯಿ ಮತ್ತು ಗೆಳೆಯ ಇಬ್ಬರೂ ಈ ಮೂರು ಅಂಕಿಗಳನ್ನು ಗಮನಿಸಬೇಕು.

ಹಾಗಾದರೆ ನೋವೇಕೆ? ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಸರಳ. ನೇಮಕಾತಿಯ ಪ್ರಕಟಣೆ ಬಂದ ಮರುದಿನವೇ, ವರ್ಷವಿಡೀ ಓಡದವನು ದಿನಕ್ಕೆ ಐದು ಕಿಲೋಮೀಟರ್ ಓಡತೊಡಗುತ್ತಾನೆ. ಜಾತ್ರೆಯ ಕುಸ್ತಿಗೆ ತಿಂಗಳಿದೆಯೆನ್ನುವಾಗ ಬೈಠಕ್‌ಗಳು ನೂರರಿಂದ ಐನೂರಕ್ಕೆ ಏರುತ್ತವೆ. ಎದೆಯ ದಮ್ಮು ಎರಡು ಮೂರು ವಾರಗಳಲ್ಲೇ ಹೆಚ್ಚುತ್ತದೆ. ಸ್ನಾಯುಗಳಿಗೆ ಇನ್ನೂ ಕೆಲವು ವಾರ ಬೇಕು. ಆದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ರಜ್ಜುಗಳು, ಮೃದ್ವಸ್ಥಿ ಮತ್ತು ಎಲುಬು ಹೊಸ ಭಾರಕ್ಕೆ ಒಗ್ಗಿಕೊಳ್ಳಲು ತಿಂಗಳುಗಳೇ ಬೇಕು. ದಮ್ಮು ಇದೆಯೆಂದು ಓಡುವವನ ಮೊಣಕಾಲು ಹಿಂದೆ ಬೀಳುವುದು ಹೀಗೆ.

ಬಾವು ಶತ್ರುವೇ?

ಕೆಂಪಾಗುವುದು, ಬಾಯುವುದು, ಬಿಸಿಯಾಗುವುದು, ನೋಯುವುದು ಈ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಇದನ್ನೇ ನಾವು ಉರಿಯೂತ ಎನ್ನುತ್ತೇವೆ. ಪೆಟ್ಟು ಬಿದ್ದ ಜಾಗಕ್ಕೆ ರಕ್ತ ಹೆಚ್ಚು ಹರಿದು, ಬಿಳಿ ರಕ್ತಕಣಗಳು ಬಂದು, ಹಾಳಾದ ಅಂಗಾಂಶವನ್ನು ತೆಗೆದು ಹೊಸದನ್ನು ಕಟ್ಟಲು ಅಣಿ ಮಾಡುತ್ತವೆ. ಮನೆ ರಿಪೇರಿಯ ವೇಳೆ ಅಂಗಳದಲ್ಲಿ ಮರಳು, ಇಟ್ಟಿಗೆ ಬಿದ್ದು ಓಡಾಟಕ್ಕೆ ತೊಂದರೆಯಾಗುವುದಿಲ್ಲವೇ? ಮೊದಲ ಕೆಲವು ದಿನಗಳ ಬಾವು ಅಂಥದ್ದು. ಅದನ್ನು ಪೂರ್ತಿ ಅಡಗಿಸಿಬಿಡುವುದೇ ಚಿಕಿತ್ಸೆ ಎಂದು ತಿಳಿಯಬಾರದು. ಆದರೆ ಕೆಲಸ ಮುಗಿಯದೆ ತಿಂಗಳುಗಟ್ಟಲೆ ಇಟ್ಟಿಗೆ ಅಲ್ಲೇ ಬಿದ್ದಿದ್ದರೆ ಏನೋ ತಪ್ಪಿದೆ ಎಂದರ್ಥ.

ನಮ್ಮ ಎರೆ ಹೊಲಗಳು ಬೇಸಿಗೆಯಲ್ಲಿ ಬಿರುಕು ಬಿಡುತ್ತವೆ. ಅಲ್ಲಿ ಓಡುವಾಗ ಪಾದ ಹೊರಳುವುದು ಸಾಮಾನ್ಯ. ಪಾದದ ಗಂಟಿನ ಹೊರಭಾಗದ ಅಸ್ಥಿರಜ್ಜು ಹಿಗ್ಗಿ ಅಥವಾ ಹರಿದು ಬಾವು ಬರುತ್ತದೆ. ಮನೆಯಲ್ಲಿ ಕೂಡಲೇ ನಡೆಯುವುದು ಬಿಸಿ ಇಟ್ಟಿಗೆಯ ಕಾವು, ಎಣ್ಣೆ ಸವರಿ ಬಿಸಿ ಮಾಡಿದ ಎಕ್ಕದ ಎಲೆ, ಮತ್ತು ಉಳುಕು ತೆಗೆಯುವವರಿಂದ ಗಟ್ಟಿಯಾದ ತಿಕ್ಕಾಟ. ಹಿರಿಯರ ಬಗ್ಗೆ ಗೌರವವಿಟ್ಟುಕೊಂಡೇ ಹೇಳಬೇಕು, ಮೊದಲ ಎರಡು ಮೂರು ದಿನ ಈ ಮೂರೂ ಬೇಡ. ಕಾವು ಮತ್ತು ತಿಕ್ಕಾಟದಿಂದ ಒಳಗಿನ ರಕ್ತಸ್ರಾವ, ಬಾವು ಹೆಚ್ಚುತ್ತವೆ. ಎಕ್ಕದ ಹಾಲು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ತಗುಲಿದರೆ ಅಪಾಯ. ಹಳೆಯ, ಬಾವಿಲ್ಲದ ಬಿಗಿತಕ್ಕೆ ಹದವಾದ ಕಾವು ಹಿತ ಕೊಡುತ್ತದೆ. ಅದನ್ನು ಆಗ ಕೊಡಬಹುದು.

ಹೊಸ ಉಳುಕಿಗೆ ಮಾಡಬೇಕಾದ್ದು ಇಷ್ಟು. ಕಾಲನ್ನು ದಿಂಬಿನ ಮೇಲೆ ಎದೆಮಟ್ಟಕ್ಕಿಂತ ಮೇಲಿರಿಸುವುದು, ಅಗಲವಾದ ಹಿಗ್ಗುವ ಪಟ್ಟಿಯನ್ನು ಬೆರಳು ಜೋಮು ಹಿಡಿಯದಷ್ಟು ಬಿಗಿಯಾಗಿ ಸುತ್ತುವುದು, ಮತ್ತು ನೋವಿಗಾಗಿ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ ಇಡುವುದು. ಮಂಜುಗಡ್ಡೆ ಸಿಗದಿದ್ದರೆ ಹರವಿಯ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಾದೀತು. ಮಂಜುಗಡ್ಡೆಯ ಬಗ್ಗೆ ಒಂದು ಮಾತು. ವಿಶ್ರಾಂತಿ, ಮಂಜುಗಡ್ಡೆ, ಪಟ್ಟಿ, ಎತ್ತರ ಎಂಬ ನಾಲ್ಕು ಸೂತ್ರಗಳನ್ನು 1978ರಲ್ಲಿ ಪ್ರಚಾರಕ್ಕೆ ತಂದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ ನಂತರದ ವರ್ಷಗಳಲ್ಲಿ, ಮಂಜುಗಡ್ಡೆಯೂ ಪೂರ್ಣ ವಿಶ್ರಾಂತಿಯೂ ಮಾಯುವಿಕೆಯನ್ನು ನಿಧಾನಗೊಳಿಸಬಹುದೆಂದು ತಮ್ಮ ಮಾತನ್ನು ತಿದ್ದಿಕೊಂಡರು. ತಪ್ಪನ್ನು ತಾವೇ ಒಪ್ಪಿಕೊಳ್ಳುವ ವೈದ್ಯರು ಅಪರೂಪ! ಆದ್ದರಿಂದ ಮಂಜುಗಡ್ಡೆ ನೋವು ತಗ್ಗಿಸಲು ಮಾತ್ರ, ಅದೂ ಮೊದಲ ದಿನಗಳಲ್ಲಿ. ಎರಡು ಮೂರು ದಿನಗಳ ಬಳಿಕ ನೋವು ತಾಳುವಷ್ಟು ಮಟ್ಟಿಗೆ ಪಾದ ಊರಿ ನಡೆಯಲು ಆರಂಭಿಸಬೇಕು. ಒಂದೇ ಕಾಲಿನ ಮೇಲೆ ನಿಂತು ಸಮತೋಲ ಸಾಧಿಸುವುದನ್ನು ದಿನವೂ ಮಾಡಬೇಕು. ಇದನ್ನು ಮಾಡದೆ ಓಟಕ್ಕೆ ಮರಳಿದವರ ಪಾದ ಮತ್ತೆ ಮತ್ತೆ ಹೊರಳುತ್ತದೆ.

ಗುಳಿಗೆ, ಸೂಜಿ, ಪುಡಿ

ಓಟಕ್ಕೆ ಮುನ್ನ ನೋವಿನ ಗುಳಿಗೆ ನುಂಗುವ ರೂಢಿಯ ಬಗ್ಗೆ ಸ್ವಲ್ಪ ಹೆಚ್ಚು ಬರೆಯುವುದು ಅಗತ್ಯ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಮುಂತಾದವು ಉರಿಯೂತವನ್ನೂ ನೋವನ್ನೂ ತಗ್ಗಿಸುವ ಒಂದೇ ಕುಲದ ಔಷಧಿಗಳು. ವೈದ್ಯರು ಹೇಳಿದಾಗ, ಕೆಲವು ದಿನಗಳ ಮಟ್ಟಿಗೆ, ಊಟದ ನಂತರ ತೆಗೆದುಕೊಂಡರೆ ಉಪಯುಕ್ತ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ, ತಿಂಗಳುಗಟ್ಟಲೆ ಮುಂದುವರಿಸಿದರೆ ಜಠರದಲ್ಲಿ ಹುಣ್ಣು, ರಕ್ತಸ್ರಾವ ಆಗಬಹುದು. ರಕ್ತದೊತ್ತಡ, ಹೃದ್ರೋಗ ಇರುವವರಿಗೆ ಅಪಾಯ ಇನ್ನೂ ಹೆಚ್ಚು.

ಓಟಗಾರರು ವಿಶೇಷವಾಗಿ ತಿಳಿಯಬೇಕಾದದ್ದು ಮೂತ್ರಪಿಂಡದ ವಿಷಯ. ಬೆವರಿ ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ಹೋಗುವ ರಕ್ತ ಇಳಿಯುತ್ತದೆ. ಆಗ ಅಲ್ಲಿನ ರಕ್ತನಾಳಗಳನ್ನು ತೆರೆದಿಡುವ ಕೆಲಸ ಮಾಡುವುದು ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು. ನೋವಿನ ಗುಳಿಗೆ ತಡೆಯುವುದು ಇದೇ ವಸ್ತುವನ್ನು! 2017ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಸುಮಾರು 80 ಕಿಲೋಮೀಟರ್ ಓಟದ ಸ್ಪರ್ಧಿಗಳಲ್ಲಿ ಕೆಲವರಿಗೆ ಐಬುಪ್ರೊಫೆನ್, ಕೆಲವರಿಗೆ ಔಷಧಿಯಿಲ್ಲದ ಹುಸಿಗುಳಿಗೆ ಕೊಟ್ಟರು. ಓಟ ಮುಗಿದಾಗ ಮೂತ್ರಪಿಂಡಕ್ಕೆ ಪೆಟ್ಟಾದ ಚಿಹ್ನೆಗಳು ಹುಸಿಗುಳಿಗೆಯವರಲ್ಲಿ ಶೇಕಡಾ 34, ಐಬುಪ್ರೊಫೆನ್‌ನವರಲ್ಲಿ ಶೇಕಡಾ 52. ನಮ್ಮ ಹುಡುಗರು ಅಷ್ಟು ದೂರ ಓಡುವುದಿಲ್ಲ, ನಿಜ. ಆದರೆ ಏಪ್ರಿಲ್ ತಿಂಗಳ ಗದಗಿನ ಬಿಸಿಲಿನಲ್ಲಿ ನೀರು ಕುಡಿಯದೆ, ಗುಳಿಗೆ ನುಂಗಿ ಓಡುವುದು ಇದೇ ದಾರಿಯಲ್ಲಿ ಹೆಜ್ಜೆಯಿಡುವುದಾಗುತ್ತದೆ.

ಈ ಸಂದರ್ಭದಲ್ಲಿ ರಣಹದ್ದುಗಳ ಕಥೆ ನೆನಪಾಗುತ್ತದೆ. ನಮ್ಮ ಆಕಾಶದಿಂದ ರಣಹದ್ದುಗಳು ಲಕ್ಷಗಟ್ಟಲೆ ಮರೆಯಾದದ್ದಕ್ಕೆ ಮುಖ್ಯ ಕಾರಣ ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಎಂದು 2004ರ ವೇಳೆಗೆ ವಿಜ್ಞಾನಿಗಳು ಕಂಡುಕೊಂಡರು. ಔಷಧಿ ಕೊಟ್ಟ ದನ ಸತ್ತಾಗ ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತಿತ್ತು. ದನಗಳಿಗೆ ಈ ಔಷಧಿ ಕೊಡುವುದನ್ನು ಭಾರತ 2006ರಲ್ಲಿ ನಿಷೇಧಿಸಿತು. ಮನುಷ್ಯನ ಮೂತ್ರಪಿಂಡ ಹದ್ದಿನದಕ್ಕಿಂತ ಗಟ್ಟಿ. ಹಾಗೆಂದು ಆ ಗುಳಿಗೆಯನ್ನು ಚುರಮುರಿಯಂತೆ ತಿನ್ನಬಾರದು.

ಗುಳಿಗೆಯ ಇನ್ನೊಂದು ದೋಷ ನೇರವಾಗಿ ತಾಲೀಮಿಗೆ ಸಂಬಂಧಿಸಿದ್ದು. ಕೀಲು ಕೊಡುವ ಸುದ್ದಿಯನ್ನೇ ಅದು ತಡೆಯುತ್ತದೆ. ಹೊಲದಲ್ಲಿ ದನ ನುಗ್ಗಿದೆಯೆಂದು ನಾಯಿ ಬೊಗಳಿದರೆ ನಾಯಿಯ ಬಾಯಿ ಕಟ್ಟಿದಂತೆ. ಒಂದೇ ಕೀಲಿನ ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಎಷ್ಟೋ ವಾಸಿ. ಅದು ರಕ್ತಕ್ಕೆ ಸೇರುವುದು ಅಲ್ಪ. ಹೊಸ ಪೆಟ್ಟಿನ ನೋವಿಗೆ ಇಂಥ ಜೆಲ್ಲನ್ನೇ ಮೊದಲು ಬಳಸಿರೆಂದು ಅಮೆರಿಕದ ವೈದ್ಯರ ಸಂಸ್ಥೆಗಳು 2020ರಲ್ಲಿ ಸಲಹೆ ನೀಡಿದವು. ಗಾಯವಿರುವ ಚರ್ಮಕ್ಕೆ ಹಚ್ಚಬಾರದು, ಹಚ್ಚಿದ ಮೇಲೆ ಕಾವು ಕೊಡಬಾರದು.

ಇನ್ನು ಸ್ಟೀರಾಯ್ಡ್ ಸೂಜಿ. ಕಾರ್ಟಿಸೋನ್‌ನ ಅದ್ಭುತ ಪರಿಣಾಮವನ್ನು ಸಂಧಿವಾತದ ರೋಗಿಗಳಲ್ಲಿ ಮೊದಲು ತೋರಿಸಿದ ಫಿಲಿಪ್ ಹೆಂಚ್ ಮತ್ತು ಸಂಗಡಿಗರಿಗೆ 1950ರಲ್ಲಿ ನೊಬೆಲ್ ಬಹುಮಾನ ಬಂತು. ನುರಿತ ತಜ್ಞರು, ಸರಿಯಾದ ರೋಗಕ್ಕೆ, ಸರಿಯಾದ ಜಾಗದಲ್ಲಿ ಕೊಟ್ಟರೆ ಇಂದಿಗೂ ಅದು ಒಳ್ಳೆಯ ಔಷಧಿ. ಆದರೆ ಪದೇ ಪದೇ ಕೊಟ್ಟರೆ ಮೃದ್ವಸ್ಥಿ ತೆಳುವಾಗುತ್ತದೆ, ಹಿಮ್ಮಡಿಯ ಮೇಲಿನ ದಪ್ಪ ರಜ್ಜುವಿಗೆ ಚುಚ್ಚಿದರೆ ಅದು ಹರಿದುಹೋಗುವ ಸಂಭವವಿದೆ. ಸ್ಪರ್ಧಾಳುಗಳು ಇನ್ನೊಂದನ್ನು ತಿಳಿದಿರಬೇಕು. 2022ರ ಜನವರಿ 1ರಿಂದ ಸ್ಪರ್ಧೆಯ ಅವಧಿಯಲ್ಲಿ ಈ ಬಗೆಯ ಸ್ಟೀರಾಯ್ಡ್‌ಗಳನ್ನು ಯಾವ ವಿಧದ ಸೂಜಿಯಿಂದ ಪಡೆದರೂ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಯಮದಂತೆ ಅದು ನಿಷಿದ್ಧ. ಸಂತೆಯಲ್ಲಿ, ಬಸ್ ನಿಲ್ದಾಣದ ಬಳಿ ಹೆಸರಿಲ್ಲದ ಪೊಟ್ಟಣದಲ್ಲಿ ಮಾರುವ "ವಾತದ ಪುಡಿ"ಗಳ ಬಗ್ಗೆಯಂತೂ ಎಚ್ಚರ. ಎರಡೇ ದಿನದಲ್ಲಿ ಮಾಯದಂತೆ ನೋವು ಹೋದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದೆಂದು ಅನುಮಾನಿಸಬೇಕು.

ನಾಳೆ ಬೆಳಗಿನ ಮೊಣಕಾಲು

ಹಾಗಾದರೆ ತಾಲೀಮು ಹೇಗೆ? ಕ್ರೀಡಾ ಚಿಕಿತ್ಸಕರು ಬಳಸುವ ಒಂದು ಸರಳ ಅಳತೆಯಿದೆ. ನೋವಿಗೆ ಹತ್ತಕ್ಕೆ ಎಷ್ಟು ಅಂಕವೆಂದು ನೀವೇ ಹಾಕಿಕೊಳ್ಳಿ. ಸೊನ್ನೆಯೆಂದರೆ ನೋವಿಲ್ಲ, ಹತ್ತೆಂದರೆ ತಾಳಲಾರದ್ದು. ತಾಲೀಮಿನ ವೇಳೆ ಎರಡರವರೆಗೆ ಇದ್ದರೆ ಮುಂದುವರಿಸಬಹುದು. ಮೂರರಿಂದ ಐದರೊಳಗಿದ್ದರೆ ಎಚ್ಚರದಿಂದ, ಕಡಿಮೆ ಮಾಡಿ ಮಾಡಬಹುದು. ಐದನ್ನು ದಾಟಿದರೆ ಆ ದಿನದ ಮಟ್ಟಿಗೆ ನಿಲ್ಲಿಸಬೇಕು. ಆದರೆ ತಾಲೀಮಿನ ಹೊತ್ತಿನ ಅಂಕಕ್ಕಿಂತ ಮುಖ್ಯವಾದದ್ದು ಮರುದಿನ ಬೆಳಗಿನದು. ಮೈ ಬಿಸಿಯಾದಾಗ ನೋವು ಮರೆಯಾಗುತ್ತದೆ, ಹುರುಪು ಸುಳ್ಳು ಹೇಳುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹತ್ತು ಹೆಜ್ಜೆ ಇಟ್ಟಾಗ, ಮೆಟ್ಟಿಲು ಇಳಿದಾಗ ಮೊಣಕಾಲು ನಿನ್ನೆ ಬೆಳಗಿನಂತೆಯೇ ಇದ್ದರೆ ನಿನ್ನೆಯ ಭಾರ ಸರಿಯಿತ್ತು. ನೋವು ಹೆಚ್ಚಿದ್ದರೆ, ಚಿಪ್ಪಿನ ಎರಡೂ ಬದಿಯ ತಗ್ಗು ತುಂಬಿ ಬಾತಿದ್ದರೆ ನಿನ್ನೆಯ ಭಾರ ಹೆಚ್ಚಾಯಿತು. ಅಂಥ ದಿನ ಮನೆಯಲ್ಲಿ ಸುಮ್ಮನೆ ಮಲಗುವುದು ಬೇಡ. ಓಟದ ಬದಲು ಸೈಕಲ್ ತುಳಿಯಬಹುದು, ನೋವಿಲ್ಲದಷ್ಟು ನಡೆಯಬಹುದು, ತೋಳು ಎದೆಯ ಸಾಮು ಮಾಡಬಹುದು. ಒಂದು ನೋಟ್‌ಬುಕ್ಕಿನಲ್ಲಿ ಓಡಿದ ದೂರ, ಆಗಿನ ಅಂಕ, ಮರುದಿನದ ಅಂಕ ಈ ಮೂರನ್ನು ಬರೆಯುತ್ತ ಹೋದರೆ ಎರಡು ವಾರಗಳಲ್ಲಿ ನಿಮ್ಮ ಕೀಲಿನ ಸ್ವಭಾವ ನಿಮಗೇ ತಿಳಿಯುತ್ತದೆ.

ಓಟಗಾರರಲ್ಲೂ ಕುಸ್ತಿಪಟುಗಳಲ್ಲೂ ಅತಿ ಹೆಚ್ಚು ಕಾಣುವುದು ಮೊಣಕಾಲ ಚಿಪ್ಪಿನ ಸುತ್ತಲಿನ ನೋವು. ಮೆಟ್ಟಿಲಿಳಿಯುವಾಗ, ಬಹಳ ಹೊತ್ತು ಬಸ್ಸಿನಲ್ಲಿ ಕುಳಿತು ಎದ್ದಾಗ, ಪೂರ್ತಿ ಕುಕ್ಕುರುಗಾಲಿನಲ್ಲಿ ಕೂತಾಗ ಇದು ಹೆಚ್ಚುತ್ತದೆ. ಆಳವಾಗಿ ಕೂತಷ್ಟೂ ಚಿಪ್ಪು ತೊಡೆಯೆಲುಬನ್ನು ಒತ್ತುವ ಬಲ ಏರುತ್ತದೆ. ಆದ್ದರಿಂದ ಗರಡಿಯವರು ಬೈಠಕ್ ಬಿಡಬೇಕಿಲ್ಲ, ಅರ್ಧ ಬೈಠಕ್‌ಗೆ ಇಳಿದು, ಎಣಿಕೆಯನ್ನು ಮೂರರಲ್ಲೊಂದು ಭಾಗಕ್ಕೆ ತಂದರೆ ಸಾಕು. ಕಪ್ಪತಗುಡ್ಡದಂಥ ಏರಿನಲ್ಲಿ ಓಡುವವರು ಏರಿ, ಇಳಿಯುವಾಗ ನಡೆದು ಬರಲಿ. ಮೊಣಕಾಲಿಗೆ ಕಷ್ಟವಾಗುವುದು ಇಳಿಜಾರು. ಡಾಂಬರಿಗಿಂತ ಶಾಲೆಯ ಮೈದಾನದ ಮಣ್ಣು ಮೇಲು, ಆದರೆ ನೆಲ ಸಮತಟ್ಟಾಗಿರಬೇಕು. ಚಿಕ್ಕ, ಚುರುಕಾದ ಹೆಜ್ಜೆಯಲ್ಲಿ ಓಡಿದರೆ ಮೊಣಕಾಲಿನ ಮೇಲಿನ ಹೊಡೆತ ಕಡಿಮೆಯಾಗುತ್ತದೆ. ಇದೊಂದು ಬದಲಾವಣೆಯಿಂದಲೇ ಎಷ್ಟೋ ಜನರ ನೋವು ಇಳಿಯುತ್ತದೆ, ಖರ್ಚೂ ಇಲ್ಲ.

ಇದರ ಜೊತೆಗೆ ತೊಡೆ ಮತ್ತು ಪೃಷ್ಠದ ಸ್ನಾಯುಗಳನ್ನು ಬಲಪಡಿಸುವುದೇ ನಿಜವಾದ ಔಷಧಿ. ಗೋಡೆಗೆ ಬೆನ್ನು ಕೊಟ್ಟು, ಕುರ್ಚಿಯಲ್ಲಿ ಕೂತಂತೆ ಅರ್ಧ ಇಳಿದು 30ರಿಂದ 45 ಸೆಕೆಂಡು ನಿಲ್ಲುವುದು, ಹೀಗೆ ಐದು ಸಲ. ಅಂಗಾತ ಮಲಗಿ ಕಾಲನ್ನು ನೆಟ್ಟಗೆ ಒಂದಡಿ ಎತ್ತಿ ಹಿಡಿಯುವುದು, ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಪಕ್ಕಕ್ಕೆ ಎತ್ತುವುದು, ಹತ್ತರಂತೆ ಮೂರು ಸುತ್ತು. ಮನೆಯ ಕಟ್ಟೆಯ ಮೆಟ್ಟಿಲಿನ ಮೇಲೆ ಒಂದೇ ಕಾಲಿನಿಂದ ಹತ್ತಿ ನಿಧಾನವಾಗಿ ಇಳಿಯುವುದು. ವಾರಕ್ಕೆ ಮೂರು ದಿನದಂತೆ ಕನಿಷ್ಠ ಆರರಿಂದ ಹನ್ನೆರಡು ವಾರ ಮಾಡಬೇಕು. ಮೊದಲ ವಾರದಲ್ಲೇ ಫಲ ಕಾಣಲಿಲ್ಲವೆಂದು ಬಿಟ್ಟವರೇ ಹೆಚ್ಚು. ತೂಕ ಹೆಚ್ಚಿರುವ ಹಿರಿಯರಿಗೂ ಇದೇ ಸಾಮು ಅನ್ವಯ. ಅವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಇಳಿಯುತ್ತದೆಂದು 2005ರ ಒಂದು ಅಧ್ಯಯನ ತೋರಿಸಿದೆ.

ಆಹಾರದ ಬಗ್ಗೆ ಕೇಳುವವರು ಬಹಳ. ಜೋಳದ ರೊಟ್ಟಿ, ಹೆಸರುಕಾಳು, ಮೊಸರು, ಸೊಪ್ಪು, ಅಗಸಿ ಚಟ್ನಿ ಇರುವ ನಮ್ಮ ಊಟಕ್ಕೆ ಹೊಸದಾಗಿ ಸೇರಿಸಬೇಕಾದ್ದು ಹೆಚ್ಚೇನಿಲ್ಲ. ದುಬಾರಿ ಗ್ಲೂಕೋಸಮೈನ್ ಗುಳಿಗೆಗಳು 2006ರ ದೊಡ್ಡ ಅಮೆರಿಕನ್ ಪ್ರಯೋಗದಲ್ಲಿ ಒಟ್ಟಾರೆ ಹುಸಿಗುಳಿಗೆಗಿಂತ ಮೇಲೆನಿಸಲಿಲ್ಲ. ಆ ಹಣದಲ್ಲಿ ಒಂದು ಒಳ್ಳೆಯ ಬೂಟು ಕೊಳ್ಳಬಹುದು.

ಸಮಯ ಕೊಟ್ಟು ಮರಳಿದವರು

ಭುಜದ ಕೀಲಿನ ಉದಾಹರಣೆಗೆ ನಮ್ಮ ರಾಜ್ಯದ ಇಬ್ಬರು ಬೌಲರುಗಳೇ ಇದ್ದಾರೆ. ಜಾವಗಲ್ ಶ್ರೀನಾಥ್ 1997ರಲ್ಲಿ ಭುಜವನ್ನು ತಿರುಗಿಸುವ ಸ್ನಾಯುರಜ್ಜುಗಳ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿಸಿಕೊಂಡು ಶಸ್ತ್ರಚಿಕಿತ್ಸೆಗೆ ಒಳಗಾದರು. ಮರಳಿ ಬಂದು 2003ರ ವಿಶ್ವಕಪ್‌ವರೆಗೂ ಆಡಿದರು. ಅನಿಲ್ ಕುಂಬ್ಳೆ ಭುಜದ ಶಸ್ತ್ರಚಿಕಿತ್ಸೆಯ ಕಾರಣ 2001ರ ಆಸ್ಟ್ರೇಲಿಯಾ ವಿರುದ್ಧದ ಪ್ರಸಿದ್ಧ ಸರಣಿಯನ್ನೇ ಹೊರಗುಳಿದು ನೋಡಬೇಕಾಯಿತು. 2008ರಲ್ಲಿ ನಿವೃತ್ತರಾಗುವ ವೇಳೆಗೆ ಅವರ ಟೆಸ್ಟ್ ವಿಕೆಟ್‌ಗಳು 619. ಇಬ್ಬರೂ ತಿಂಗಳುಗಟ್ಟಲೆ ಚೆಂಡನ್ನು ಬದಿಗಿಟ್ಟು ಭುಜ ಬಲಿಯುವವರೆಗೆ ಕಾದರು. ಬಾಲ್ಯದಲ್ಲಿ ಗದಗಿನಿಂದ ಬೆಳಗಿನ ಜಾವ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗಿಬರುತ್ತಿದ್ದ ಸುನಿಲ್ ಜೋಶಿಯವರ ಛಲ ಈ ಭಾಗದವರಿಗೆ ಗೊತ್ತಿದೆ. ಅಂಥ ಛಲವಿರುವ ಮಕ್ಕಳಿಗೆ ಕಾಯುವುದನ್ನು ಕಲಿಸುವುದು ಓಡುವುದನ್ನು ಕಲಿಸುವುದಕ್ಕಿಂತ ಕಷ್ಟ. ಆ ಕೆಲಸ ಮನೆಯವರದು ಮತ್ತು ವಸ್ತಾದರದು.

ತಾಲೀಮಿನದಲ್ಲದ ನೋವು

ಇಲ್ಲಿಯವರೆಗೆ ಹೇಳಿದ್ದು ಭಾರದಿಂದ ಬಂದ ನೋವಿನ ಮಾತು. ಅದರ ಗುರುತೆಂದರೆ, ದುಡಿದಾಗ ಹೆಚ್ಚುತ್ತದೆ, ವಿಶ್ರಾಂತಿಯಿಂದ ಇಳಿಯುತ್ತದೆ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಜಾತಿಯ ನೋವಿದೆ. ಇಪ್ಪತ್ತರ ಆಸುಪಾಸಿನ ಹುಡುಗನಿಗೆ ಸೊಂಟ, ಪೃಷ್ಠದಲ್ಲಿ ನೋವು. ರಾತ್ರಿಯ ಕೊನೆಯ ಜಾವದಲ್ಲಿ ಎಚ್ಚರವಾಗುತ್ತದೆ, ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಬೆನ್ನು ಮರದಂತೆ ಬಿಗಿದಿರುತ್ತದೆ. ಓಡಾಡಿದರೆ, ಸಾಮು ಮಾಡಿದರೆ ಹಗುರವೆನಿಸುತ್ತದೆ, ಮಲಗಿದರೆ ಹೆಚ್ಚುತ್ತದೆ. ಕೆಲವೊಮ್ಮೆ ಹಿಮ್ಮಡಿ ನೋಯುತ್ತದೆ, ಒಂದು ಕಣ್ಣು ಕೆಂಪಾಗಿ ನೋಯುತ್ತದೆ. ಕುಸ್ತಿ ಹೆಚ್ಚಾಯಿತೆಂದು ಮನೆಯವರು ತಾಲೀಮು ಬಿಡಿಸುತ್ತಾರೆ, ನೋವು ಇನ್ನೂ ಏರುತ್ತದೆ! ಇದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಉರಿಯೂತದ ರೋಗವಿರಬಹುದು. ಮೂರು ತಿಂಗಳಿಗೂ ಮೀರಿ ಹೀಗಿದ್ದರೆ ಸಂಧಿವಾತ ತಜ್ಞರನ್ನೋ ಫಿಸಿಷಿಯನ್ನರನ್ನೋ ಕಾಣಲೇಬೇಕು. ವರ್ಷಗಟ್ಟಲೆ ತಡವಾದರೆ ಬೆನ್ನೆಲುಬು ಕೂಡಿಕೊಂಡು ಬಾಗದಂತಾಗುತ್ತದೆ. ಈ ರೋಗದಲ್ಲಿ ವ್ಯಾಯಾಮವೇ ಚಿಕಿತ್ಸೆಯ ಅರ್ಧ ಭಾಗ, ಮತ್ತು ಇಲ್ಲಿ ಉರಿಯೂತದ ಗುಳಿಗೆಗಳನ್ನು ವೈದ್ಯರ ನಿಗಾದಲ್ಲಿ ದೀರ್ಘಕಾಲ ಕೊಡಬೇಕಾಗಲೂಬಹುದು.

ಕೈಬೆರಳ ಗೆಣ್ಣು, ಮುಂಗೈಗಳು ಎರಡೂ ಬದಿ ಬಾತು, ಬೆಳಗಿನ ಬಿಗಿತ ಆರು ವಾರ ಮೀರಿದರೆ ಅದು ರುಮಟಾಯ್ಡ್ ಸಂಧಿವಾತವೇ ಎಂದು ಪರೀಕ್ಷಿಸಬೇಕು. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ರೋಗ ಹತೋಟಿಗೆ ತರುವ ಔಷಧಿ ಬೇಗ ಆರಂಭವಾದರೆ ಆಟಕ್ಕೆ ಅಡ್ಡಿಯಿಲ್ಲ.

ಮಳೆಗಾಲದಲ್ಲಿ ಜ್ವರದೊಂದಿಗೆ ಬರುವ ಕೀಲುನೋವು ಮತ್ತೊಂದು. 2006ರ ಚಿಕುನ್‌ಗುನ್ಯಾ ಹಾವಳಿಯನ್ನು ಉತ್ತರ ಕರ್ನಾಟಕದ ಮನೆಗಳು ಮರೆತಿರಲಾರವು. ಆ ವರ್ಷ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದವು. ಜ್ವರ ಇಳಿದ ಮೇಲೂ ಕೆಲವರ ಕೀಲುಗಳು ತಿಂಗಳುಗಟ್ಟಲೆ ಬಾತಿರುತ್ತವೆ. ಅಂಥವರು ಓಟಕ್ಕೆ ಮರಳುವಾಗ ಮೇಲಿನ ಅಂಕಗಳ ಅಳತೆಯನ್ನೇ ಇನ್ನೂ ನಿಧಾನವಾಗಿ ಬಳಸಬೇಕು. ಮುಖ್ಯವಾಗಿ, ಜ್ವರವಿರುವಾಗ ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡದು, ರಕ್ತಸ್ರಾವದ ಅಪಾಯವಿದೆ. ಪ್ಯಾರಾಸಿಟಮಾಲ್ ಸಾಕು. ಜ್ವರದ ದಿನಗಳಲ್ಲಿ ತಾಲೀಮೂ ಬೇಡ.

ಹತ್ತರಿಂದ ಹದಿನೈದು ವಯಸ್ಸಿನ ಆಟದ ಮಕ್ಕಳಲ್ಲಿ ಮೊಣಕಾಲ ಚಿಪ್ಪಿನ ಕೆಳಗೆ, ಮೊಳಕಾಲೆಲುಬಿನ ಮೇಲೆ ನೋಯುವ ಗಂಟು ಕಂಡರೆ ತಂದೆತಾಯಿಗಳು ಗಾಬರಿಯಾಗುತ್ತಾರೆ. ಬೆಳೆಯುವ ಎಲುಬನ್ನು ರಜ್ಜು ಎಳೆಯುವುದರಿಂದ ಆಗುವ ಇದನ್ನು 1903ರಲ್ಲಿ ಆಸ್‌ಗುಡ್ ಮತ್ತು ಶ್ಲಾಟರ್ ಎಂಬ ವೈದ್ಯರು ವಿವರಿಸಿದರು. ಜಿಗಿತ, ಓಟ ಕಡಿಮೆ ಮಾಡಿದರೆ ಬೆಳವಣಿಗೆ ಮುಗಿಯುವಷ್ಟರಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಗಂಟು ಒಂದೇ ಸಮನೆ ಬೆಳೆಯುತ್ತಿದ್ದರೆ, ರಾತ್ರಿ ನೋವಿನಿಂದ ಮಗು ಎದ್ದು ಕೂರುತ್ತಿದ್ದರೆ ಎಕ್ಸ್-ರೇ ತೆಗೆಸಲೇಬೇಕು.

ಕೆಲವು ಸಂದರ್ಭಗಳಲ್ಲಿ ಅಂಕ ಹಾಕುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಒಂದೇ ಕೀಲು ಕೆಂಪಾಗಿ, ಕಾದು, ಜ್ವರ ಬಂದಿದ್ದರೆ ಒಳಗೆ ಕೀವಾಗಿರಬಹುದು, ಅಂದೇ ತೋರಿಸಬೇಕು. ಕಬಡ್ಡಿಯಲ್ಲಿ ಮೊಣಕಾಲು ತಿರುಚಿ "ಟಪ್" ಎಂದು ಸದ್ದಾಗಿ ಎರಡು ಮೂರು ಗಂಟೆಯೊಳಗೆ ಬಾತರೆ ಒಳಗಿನ ಮುಖ್ಯ ಅಸ್ಥಿರಜ್ಜು ಹರಿದಿರುವ ಸಂಭವ ಹೆಚ್ಚು. ಇದನ್ನು ಉಳುಕೆಂದು ತಿಕ್ಕಿಸಿಕೊಂಡು ಮತ್ತೆ ಕಣಕ್ಕಿಳಿದರೆ ಮೊಣಕಾಲ ನಡುವಿನ ಗಾದಿಯೂ ಹರಿಯುತ್ತದೆ. ಕಾಲೂರಲು ಆಗದಿರುವುದು, ಮೊಣಕಾಲು ಮಡಚಿದಲ್ಲೇ ಸಿಕ್ಕಿಕೊಳ್ಳುವುದು, ನಡೆಯುವಾಗ ಕುಸಿಯುವುದು ಇವೂ ಎಲುಬು ಕೀಲು ತಜ್ಞರಿಗೆ ತೋರಿಸಬೇಕಾದ ಚಿಹ್ನೆಗಳು. ವೈದ್ಯರಲ್ಲಿಗೆ ಹೋಗುವಾಗ ಆ ನೋಟ್‌ಬುಕ್ಕನ್ನೂ, ನುಂಗಿದ ಗುಳಿಗೆಗಳ ಚೀಟಿಗಳನ್ನೂ, ಓಡುವ ಬೂಟನ್ನೂ ಒಯ್ಯಬೇಕು. ಬೂಟಿನ ಅಡಿ ಎಲ್ಲಿ ಸವೆದಿದೆಯೆಂಬುದೂ ನೋಡುವವರಿಗೆ ಸುಳಿವು ಕೊಡುತ್ತದೆ.

ನೇಮಕಾತಿ ಓಟದ ದಿನ ಗೊತ್ತಾಗಿ, ಮೊಣಕಾಲಿನಲ್ಲಿ ಇನ್ನೂ ಸ್ವಲ್ಪ ನೋವಿರುವವರು ಕೊನೆಯ ವಾರದಲ್ಲಿ ದೂರವನ್ನು ಅರ್ಧಕ್ಕೆ ಇಳಿಸಲಿ, ವೇಗವನ್ನು ಮಾತ್ರ ಒಂದೆರಡು ಸಲ ಚಿಕ್ಕ ಓಟಗಳಲ್ಲಿ ಪರೀಕ್ಷಿಸಿಕೊಳ್ಳಲಿ. ಕಡೆಯ ಎರಡು ದಿನ ನಡಿಗೆ ಸಾಕು. ಹೊಸ ಬೂಟನ್ನು ಆ ದಿನ ಮೊದಲ ಬಾರಿಗೆ ಹಾಕಬಾರದು. ಸರದಿಯಲ್ಲಿ ಬಿಸಿಲಿಗೆ ನಿಲ್ಲಬೇಕಾಗುವುದರಿಂದ ನೀರಿನ ಬಾಟಲಿ ಜೊತೆಗಿರಲಿ, ಓಟಕ್ಕೆ ಮುನ್ನ ಹತ್ತು ನಿಮಿಷ ನಿಧಾನವಾಗಿ ಓಡಿ ಮೈ ಬಿಸಿ ಮಾಡಿಕೊಳ್ಳಲಿ. ಜೇಬಿನಲ್ಲಿ ಗೆಳೆಯ ಕೊಟ್ಟ ಗುಳಿಗೆ ಇದ್ದರೆ ಅದನ್ನು ಮನೆಯಲ್ಲೇ ಇಟ್ಟು ಹೋಗಲಿ.